ಕಾಲು ಮುಂದಾಗಿ ಹುಟ್ಟಿದವನ ಸೊಂಟ

ಜಾವಗಲ್ ದಾಟಿದ ಮೇಲೆ ಹಳೇಬೀಡು ಮುಟ್ಟುವವರೆಗೆ ರಸ್ತೆಯಲ್ಲಿ ಹನ್ನೊಂದು ಹಂಪುಗಳಿವೆ ಎಂಬುದು ಗಂಗಾಧರಪ್ಪನಿಗೆ ಅರವತ್ತು ವರ್ಷ ಗೊತ್ತಿರಲಿಲ್ಲ. ಈಗ ಮೂರು ವಾರದಿಂದ ಅವನ ಸೊಂಟ ಅವುಗಳಲ್ಲಿ ಒಂದೊಂದನ್ನೂ ಹೆಸರು ಹಿಡಿದು ಕರೆಯುವಷ್ಟು ಪರಿಚಯ ಮಾಡಿಕೊಂಡಿತ್ತು. ನಾಲ್ಕನೆಯದು ಕೇಡಿಗ, ಹೇಳದೆ ಕೇಳದೆ ಬರುತ್ತದೆ. ಏಳನೆಯದು ಪರವಾಗಿಲ್ಲ, ಅದರ ಹತ್ತಿರ ಹಾಲಿನ ಡೇರಿ ಇರುವುದರಿಂದ ಡ್ರೈವರು ತಾನಾಗಿಯೇ ನಿಧಾನ ಮಾಡುತ್ತಾನೆ. ಬಸ್ಸಿನ ನಡುಭಾಗದ ಸೀಟಿನಲ್ಲಿ, ಬೆನ್ನ ಹಿಂದೆ ಸುರುಳಿ ಸುತ್ತಿದ ಟವಲು ಇಟ್ಟುಕೊಂಡು, ಇನ್ನೊಂದು ಟವಲನ್ನು ಕಿವಿ ಮುಚ್ಚುವಂತೆ ತಲೆಗೆ ಸುತ್ತಿಕೊಂಡು ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಬೆನ್ನ ಹಿಂದಿನ ಟವಲು ನೋವಿಗೆ, ತಲೆಯದು ನಾಚಿಕೆಗೆ. ಪಕ್ಕದಲ್ಲಿ ಮಂಡಕ್ಕಿ ತಿನ್ನುತ್ತಿದ್ದ ಹೆಂಗಸು ಬೇಲೂರಿಗೆ ಹೋಗುತ್ತೀರಾ ಎಂದು ಸುಮ್ಮನೆ ಮಾತಿಗೆ ಕೇಳಿದಳು. ಬೇಲೂರಿಗಲ್ಲ, ಮಾದಿಹಳ್ಳಿಗೆ, ತೆಂಗಿನ ತೋಟ ನೋಡುವುದಕ್ಕೆ, ಸೊಂಟ ಗಿಂಟ ಏನೂ ಇಲ್ಲ ಎಂದು ಇವನು ಒಂದೇ ಉಸಿರಿಗೆ ಹೇಳಿದ. ಹೆಂಗಸು ಸೊಂಟದ ಮಾತೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು. ಅವಳು ಅವನನ್ನೊಮ್ಮೆ ನೋಡಿ, ಮಂಡಕ್ಕಿಯ ಪೊಟ್ಟಣವನ್ನು ಸ್ವಲ್ಪ ಆಚೆಗೆ ಸರಿಸಿಕೊಂಡಳು.

ಬೇರೆಯವರ ಸೊಂಟ ಹಿಡಿದುಕೊಂಡರೆ ಅದು ಅವರವರ ಮನೆಯ ವಿಷಯ. ಗಂಗಾಧರಪ್ಪನದು ಹಾಗಲ್ಲ. ಲೋಕದಲ್ಲಿ ಎಲ್ಲರೂ ತಲೆ ಮುಂದಾಗಿ ಬಂದರೆ ಅವನು ಕಾಲು ಮುಂದಾಗಿ ಹುಟ್ಟಿದವನು, ಅಂಥವರ ಕಾಲು ತಾಗಿದರೆ ಬೆನ್ನಿನ ಉಳುಕು ಬಿಟ್ಟುಹೋಗುತ್ತದೆ ಎಂದು ಆ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅರಸೀಕೆರೆಯಲ್ಲಿ ಅವನ ಕೊಬ್ಬರಿ ಮಂಡಿಯ ಹೆಸರು ಗೊತ್ತಿಲ್ಲದವರೂ ‘ಒದೆಯೋ ಸಾವ್ಕಾರ್ರು’ ಎಂದರೆ ಮನೆ ತೋರಿಸುತ್ತಿದ್ದರು. ಭಾನುವಾರ ಮತ್ತು ಮಂಗಳವಾರ ಬೆಳಿಗ್ಗೆ ಉಳುಕಿನವರು ಬಂದು, ಯಾರೊಡನೆಯೂ ಮಾತಾಡದೆ ಅವನ ಮನೆಯ ಜಗಲಿಯ ಮೇಲೆ ಮಕಾಡೆ ಮಲಗಬೇಕು. ಇವನು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಬರಿಗಾಲಲ್ಲಿ ಬಂದು ಬಲಗಾಲನ್ನು ಎತ್ತಿ ಮೂರು ಸಲ ಸೊಂಟಕ್ಕೆ ತಾಗಿಸಬೇಕು. ಅವರು ಎದ್ದು, ಹೇಗಾಯಿತೆಂದು ಹೇಳದೆ, ತಿರುಗಿ ನೋಡದೆ ಹೋಗಬೇಕು. ಅದು ಅವನ ಅವ್ವ ಹಾಕಿಕೊಟ್ಟ ಕಟ್ಟಳೆ. ಹಿರಿಯರಾದರೆ ಒದ್ದ ಮೇಲೆ ಅವರ ಪಾದ ಮುಟ್ಟಿ ನಮಸ್ಕಾರ ಮಾಡಿ ಪಾಪ ಕಳೆದುಕೊಳ್ಳುತ್ತಿದ್ದ. ಹೀಗೆ ಒಬ್ಬ ತಹಸೀಲ್ದಾರರನ್ನು, ಇಬ್ಬರು ಹೆಡ್‌ಮಾಸ್ಟರರನ್ನು, ಸ್ವಂತ ಅತ್ತೆಯನ್ನು ಒದ್ದು ನಮಸ್ಕರಿಸಿದ್ದ. ಅತ್ತೆಗೆ ಸ್ವಲ್ಪ ಜೋರಾಗಿಯೇ ತಾಗಿತ್ತು ಎಂದು ಅವನ ಹೆಂಡತಿ ರುದ್ರಮ್ಮನಿಗೆ ಇಂದಿಗೂ ಅನುಮಾನ. ಮಠದ ಹಿರಿಯರೊಬ್ಬರಿಗೆ ಕಾಲು ತಾಗಿಸಲು ಧೈರ್ಯ ಸಾಲದೆ ಅವರು ಹೊದೆಯುವ ಶಾಲಿಗೆ ತಾಗಿಸಿ ಕಳಿಸಿದ್ದ. ಆ ಶಾಲಿಗೆ ಆಮೇಲೆ ಯಾವತ್ತೂ ಸೊಂಟ ನೋವು ಬರಲಿಲ್ಲ ಎಂದು ರುದ್ರಮ್ಮ ಹೇಳುತ್ತಿದ್ದಳು. ಇಡೀ ಪೇಟೆಯಲ್ಲಿ ಅವನ ಕಾಲು ತಾಗದೆ ಉಳಿದ ಸೊಂಟವೆಂದರೆ ಅವಳದೊಂದೇ. ಹೆಂಡತಿಗೆ ಒದೆಯುತ್ತಾನೆ ಎಂದು ಜನ ಆಡಿಕೊಂಡರೆ ಮಾನ ಎಲ್ಲಿ ಉಳಿಯುತ್ತದೆ ಎಂದು ಅವನು ಆ ಕಡೆ ಹೋಗಿರಲಿಲ್ಲ, ಅವಳ ಸೊಂಟ ನೋಯುತ್ತದೆಯೇ ಎಂದು ಕೇಳಿಯೂ ಇರಲಿಲ್ಲ.

ಅಂಥವನ ಸೊಂಟ ಹಿಡಿದದ್ದು ಒದೆಯುವಾಗಲೇ. ಆರು ವಾರದ ಹಿಂದೆ ಒಂದು ಮಂಗಳವಾರ, ಮಂಡಿಯ ಹಮಾಲಿಗಳ ಮೇಸ್ತ್ರಿ ಹೊನ್ನಯ್ಯ ಜಗಲಿಯ ಮೇಲೆ ಮಲಗಿದ್ದ. ಇಪ್ಪತ್ತು ವರ್ಷದಿಂದ ಮೂಟೆ ಹೊರುವ ಹೊನ್ನಯ್ಯನಿಗೆ ಎರಡು ಮೂರು ತಿಂಗಳಿಗೊಮ್ಮೆ ಹೊಸ ಉಳುಕು ಹುಟ್ಟುತ್ತಿತ್ತು. ಹಳೆಯದೇ ಉಳಿದಿರಬಹುದು ಎಂಬ ಯೋಚನೆ ಗಂಗಾಧರಪ್ಪನಿಗೆ ಬಂದಿರಲಿಲ್ಲ. ಬಲಗಾಲು ಎತ್ತಿದ. ಸೊಂಟದಲ್ಲಿ ಎಲ್ಲಿಂದಲೋ ಒಂದು ಚಳುಕು ಹೊರಟು, ತೊಡೆಯ ಹಿಂದೆ ಇಳಿದು, ಮೀನಖಂಡ ದಾಟಿ ಹೆಬ್ಬೆರಳಿನ ತುದಿಗೆ ಹೋಗಿ ಕೂತಿತು. ಕಾಲು ಕೆಳಗಿಳಿಯಲಿಲ್ಲ. ಕಂಬ ತಬ್ಬಿಕೊಂಡು ಅವನು ಹಾಗೆಯೇ ನಿಂತ. ಕೂಗಿದರೆ ಬೀದಿಗೆ ಕೇಳುತ್ತದೆ, ಒಳಗೆ ರುದ್ರಮ್ಮ ಒಗ್ಗರಣೆ ಹಾಕುತ್ತಿದ್ದಾಳೆ, ಕಟ್ಟಳೆಯಂತೆ ಹೊನ್ನಯ್ಯ ಮಾತಾಡುವ ಹಾಗಿಲ್ಲ. ಎಷ್ಟೋ ಹೊತ್ತಾದ ಮೇಲೆ ಕಾಲು ತಾನಾಗಿ ಸೋತು ಧೊಪ್ಪನೆ ಹೊನ್ನಯ್ಯನ ಮೇಲೆ ಬಿತ್ತು. ಹೊನ್ನಯ್ಯ ಎದ್ದು ತಿರುಗಿ ನೋಡದೆ ಹೋದ. ಮಾರನೆಯ ದಿನ ಮಂಡಿಯಲ್ಲಿ, ಸಾವ್ಕಾರ್ರು ಈ ಸಲ ಕಾಲು ತಡೆದು ಶಕ್ತಿ ತುಂಬಿ ಬಿಟ್ಟರು, ಅಂಥ ಒದೆ ಹಿಂದೆ ಬಿದ್ದಿರಲಿಲ್ಲ ಎಂದು ಹತ್ತು ಜನರ ಮುಂದೆ ಹೇಳಿದ. ಗಂಗಾಧರಪ್ಪ ತೂಕದ ಯಂತ್ರ ಹಿಡಿದುಕೊಂಡು ನಿಂತು, ದೇವರ ದಯ ಎಂದ. ಆಗಿನಿಂದ ಭಾನುವಾರ ಮಂಗಳವಾರಗಳಲ್ಲಿ ಅವನು ಕಾಲೆತ್ತದೆ ನೆಲದ ಮೇಲೆ ಜಾರಿಸಿಕೊಂಡು ಹೋಗಿ ರೋಗಿಗಳ ಪಕ್ಕೆಗೆ ತಾಗಿಸಿ ಕಳಿಸಿದ. ಇದು ಹೊಸ ಪದ್ಧತಿ, ಮೊದಲಿನದಕ್ಕಿಂತ ಮೇಲು ಎಂದು ಊರಲ್ಲಿ ಮಾತಾಯಿತು.

ಊರಿನ ನೋವನ್ನೆಲ್ಲ ಒದ್ದು ಓಡಿಸಿದ ಕಾಲಿಗೇ ನೋವು ಬಂದು ಕೂತದ್ದು ಅವನಿಗೆ ಹೆದರಿಕೆ ಹುಟ್ಟಿಸಿತು. ಅವೆಲ್ಲ ಎಲ್ಲಿಗೂ ಹೋಗಿರಲಿಲ್ಲವೇನೋ, ಒಂದೊಂದಾಗಿ ತನ್ನ ಪಾದದಿಂದ ಒಳಗೆ ಹತ್ತಿ ಇಷ್ಟು ದಿನ ಕಾದಿದ್ದವೇನೋ, ತಹಸೀಲ್ದಾರರದು ಯಾವುದು, ಅತ್ತೆಯದು ಯಾವುದು ಎಂದು ಮಲಗಿದಲ್ಲೇ ಯೋಚಿಸುತ್ತಿದ್ದ. ಕೊನೆಗೆ ಹೋಗಿ ಕಂಡ ಡಾಕ್ಟರು ಫೋಟೋ ತೆಗೆಸಿ, ಮೂಳೆ ಮುರಿದಿಲ್ಲ, ನರ ಒತ್ತಿದೆ, ಮಾತ್ರೆ ಹದಿನೈದು ದಿನಕ್ಕೆ ಸಾಕು, ಆಮೇಲೆ ಫಿಸಿಯೋಥೆರಪಿ ಮಾಡಿಸಿ, ಅದೇ ನಿಮಗೆ ಔಷಧಿ ಎಂದರು. ಅರಸೀಕೆರೆಯಲ್ಲೇ ಅದನ್ನು ಮಾಡುವವರಿದ್ದಾರೆ ಎಂದೂ ಹೇಳಿದರು. ಅರಸೀಕೆರೆಯಲ್ಲಿ ಮಾಡಿಸುವುದಕ್ಕಿಂತ ರೈಲ್ವೆ ಸ್ಟೇಷನ್ನಿನಲ್ಲಿ ಮೈಕು ಹಿಡಿದು ಹೇಳುವುದು ಸುಲಭವಿತ್ತು. ಅದಕ್ಕೇ ಬೇಲೂರು. ಮನೆಯಲ್ಲಿ, ಮಾದಿಹಳ್ಳಿಯಲ್ಲಿ ಒಂದು ತೋಟದ ಫಸಲು ಕೊಳ್ಳುವ ಮಾತುಕತೆ ಎಂದು ಹೇಳಿದ. ದಿನ ಬಿಟ್ಟು ದಿನ ಮೂರು ವಾರ ಮಾತುಕತೆ ನಡೆಯುವ ಆ ತೋಟ ಎಷ್ಟು ದೊಡ್ಡದಿರಬಹುದು ಎಂದು ರುದ್ರಮ್ಮ ಕೇಳಲಿಲ್ಲ, ಟವಲು ಮಡಿಸಿ ಕೈಗೆ ಕೊಟ್ಟಳು.

ಬೇಲೂರಿನ ಬಸ್‌ಸ್ಟ್ಯಾಂಡಿನ ಹತ್ತಿರ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಆ ಚಿಕಿತ್ಸೆಯ ಜಾಗ. ಸೊಂಟ ಹಿಡಿದವರು ಹತ್ತಲೆಂದು ಹದಿನಾರು ಕಡಿದಾದ ಮೆಟ್ಟಿಲು. ಮೊದಲನೆಯ ದಿನ ಅವನು ಪಕ್ಕದ ಕಂಬಿ ಹಿಡಿದು, ಒಂದು ಮೆಟ್ಟಿಲಿಗೊಮ್ಮೆ ಶಿವನನ್ನು ನೆನೆದು ಹತ್ತಿದ್ದ. ಇವತ್ತು ಹತ್ತನೆಯ ಸಲ, ಅರ್ಧ ಹತ್ತಿದ ಮೇಲೆ ತಾನು ಕಂಬಿ ಹಿಡಿದಿಲ್ಲವೆಂದು ನೆನಪಾಗಿ ಹಿಡಿದುಕೊಂಡ. ಮೇಲೆ ನಯನಾ ಎಂಬ ಇಪ್ಪತ್ತಾರರ ಹುಡುಗಿ, ಬಿಳಿ ಕೋಟು, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಬೆನ್ನುಮೂಳೆ. ಅವಳ ರಿಜಿಸ್ಟರಿನಲ್ಲಿ ಅವನ ಹೆಸರು ಚಿದಂಬರ. ಕರೆದರೆ ಮೊದಲನೆಯ ಸಲ ಅವನಿಗೆ ತಿಳಿಯುವುದಿಲ್ಲ, ಎರಡನೆಯ ಸಲಕ್ಕೆ ಗಾಬರಿಯಿಂದ ಏಳುತ್ತಾನೆ, ಹಾಗೆ ಗಕ್ಕನೆ ಏಳಬಾರದೆಂದು ಅವಳು ಪ್ರತಿಸಲವೂ ಹೇಳುತ್ತಾಳೆ. ಮೊದಲ ದಿನ ಏನೇನೋ ಯಂತ್ರ ಹಚ್ಚುತ್ತಾಳೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದ. ಅವಳು ಅಂದದ್ದು, ಮಕಾಡೆ ಮಲಗಿ ಸರ್, ಅಷ್ಟೇ. ಅವನ ಜೀವಮಾನದಲ್ಲಿ ಆ ಮಾತನ್ನು ಅವನು ಹೇಳುವುದೇ ಹೊರತು ಕೇಳಿದ್ದಿಲ್ಲ. ಹತ್ತು ನಿಮಿಷ ಹಾಗೇ ಮಲಗಿಸಿದಳು. ಆಮೇಲೆ ಮೊಣಕೈ ಊರಿ ಎದೆ ಎತ್ತಿಸಿದಳು, ಇನ್ನೊಂದು ದಿನ ಅಂಗೈ ಊರಿ ಎತ್ತಿಸಿದಳು, ಅಂಗಾತ ಮಲಗಿಸಿ ಸೊಂಟ ಮೇಲೆತ್ತಿಸಿದಳು, ಗೋಡೆ ಹಿಡಿದು ಒಂಟಿಕಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲಿಸಿದಳು. ಮನೆಯಲ್ಲಿ ದಿನಕ್ಕೆ ಮೂರು ಸಲ ಮಾಡಬೇಕೆಂದು ಚಿತ್ರ ಬರೆದ ಕಾರ್ಡಿನ ಮೇಲೆ ಚಿದಂಬರ ಎಂದು ಹೆಸರು ಹಾಕಿ ಕೊಟ್ಟಳು. ಅದರ ಕೆಳಗೆ, ಕೆಳಗಿರುವ ವಸ್ತು ತೆಗೆಯುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ ಕೂತು ತೆಗೆದುಕೊಳ್ಳಿ ಎಂದಿತ್ತು. ಆ ಕಾರ್ಡನ್ನು ಅವನು ರುದ್ರಮ್ಮನೇ ಒಗೆಯುವ ಒಳಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಮಂಡಿಯ ಗೋದಾಮಿನಲ್ಲಿ, ಮೂಟೆಗಳ ಮರೆಯಲ್ಲಿ ಗೋಣಿ ಹಾಸಿ ಅಭ್ಯಾಸ ಮಾಡಿದ.

ಅವಳ ಚಿಕಿತ್ಸೆ ಕೆಲಸ ಮಾಡತೊಡಗಿದ್ದೇ ಅವನ ಸಂಕಟ. ಮೊದಲ ವಾರ ಹೆಬ್ಬೆರಳಿನ ನೋವು ಹೋಯಿತು, ಎರಡನೆಯ ವಾರ ಮೀನಖಂಡದ್ದು, ಈಗ ತೊಡೆಯನ್ನೂ ಬಿಟ್ಟು ಸೊಂಟದಲ್ಲಿ ಅಂಗೈಯಗಲ ಉಳಿದಿತ್ತು. ಕಾಲಿನಿಂದ ಮೇಲಕ್ಕೆ ಬಂತು ಅಂದರೆ ವಾಸಿಯಾಗುತ್ತಿದೆ ಎಂದೇ ಅರ್ಥ, ಬಿಡದೆ ಮಾಡಿ ಎಂದು ನಯನಾ ಹಿಗ್ಗಿದಳು. ಅವನಿಗೆ ಸಂತೋಷವಾಯಿತು, ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಆಯಿತು. ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ಕಾಲೂ ತಾಗಿಸದೆ, ಬೆರಳೂ ಹೆಚ್ಚು ತಾಗಿಸದೆ ಮಾಡುವುದನ್ನು ತಾನು ಇಷ್ಟು ವರ್ಷ ಮಾಡಿದ್ದೆನೋ ಇಲ್ಲವೋ ಎಂಬ ಪ್ರಶ್ನೆ. ನೀವು ಹುಟ್ಟಿದ್ದು ಹೇಗಮ್ಮ, ತಲೆ ಮುಂದಾಗಿಯೋ ಕಾಲು ಮುಂದಾಗಿಯೋ ಎಂದು ಒಂದು ದಿನ ತಡೆಯಲಾರದೆ ಕೇಳಿಬಿಟ್ಟ. ಸಿಸೇರಿಯನ್ ಸರ್ ಎಂದಳು. ಅದಕ್ಕೆ ಏನು ಗುಣವಿರುತ್ತದೆಂದು ಹೇಳಲು ಅವನಿಗೆ ಯಾವ ಶಾಸ್ತ್ರವೂ ನೆನಪಾಗಲಿಲ್ಲ. ಇನ್ನೊಂದು ದಿನ ಅವಳೇ ಬೇಸರದಿಂದ ಹೇಳಿದಳು: ಜನ ಎರಡು ದಿನ ಬರುತ್ತಾರೆ, ಸ್ವಲ್ಪ ಕಡಿಮೆಯಾಗುತ್ತಲೇ ನಿಲ್ಲಿಸುತ್ತಾರೆ, ತಿರುಗಿ ಬರದವರೆಲ್ಲ ಅರ್ಧಕ್ಕೆ ಬಿಟ್ಟವರೇ. ಗಂಗಾಧರಪ್ಪ ಮುಖವನ್ನು ದಿಂಬಿನಲ್ಲಿ ಹುದುಗಿಸಿದ. ಅವನ ಲೆಕ್ಕದಲ್ಲಿ ತಿರುಗಿ ಬರದವರೆಲ್ಲ ವಾಸಿಯಾದವರು.

ಇವತ್ತು ಸೋಮವಾರ. ಕೋಣೆಯಲ್ಲಿ ಎರಡು ಮಂಚ, ನಡುವೆ ಹಸಿರು ಪರದೆ. ಆಚೆಯ ಮಂಚಕ್ಕೆ ಯಾರೋ ಬಂದು ಮಲಗಿದ ಸದ್ದಾಯಿತು, ದೇವಸ್ಥಾನದ ಗೈಡುಗಳಲ್ಲಿ ಒಬ್ಬನಿರಬೇಕು. ಪ್ರವಾಸಿಗಳಿಗೆ ಮೇಲಿನ ಕೆತ್ತನೆ ತೋರಿಸಿ ತೋರಿಸಿ ಕತ್ತು ಹಿಡಿಸಿಕೊಂಡು ಅವರು ಇಲ್ಲಿಗೆ ಬರುವುದನ್ನು ಅವನು ನೋಡಿದ್ದ. ಅಲ್ಲಿ ಕಂಬದ ಮೇಲಿನ ಶಿಲಾಬಾಲಿಕೆಯರು ಒಂಬೈನೂರು ವರ್ಷದಿಂದ ಸೊಂಟ ಓರೆ ಮಾಡಿ ನಿಂತೇ ಇದ್ದಾರೆ, ನೋಡುವವರ ಕತ್ತು ಮಾತ್ರ ನೋಯುತ್ತದೆ. ಎದೆ ಎತ್ತುತ್ತ ಇಳಿಸುತ್ತ ಅವನು ಬೇರೆ ಯಾರದೋ ವಿಷಯ ಎಂಬಂತೆ ನಯನಾಳನ್ನು ಕೇಳಿದ: ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಹೋಗುತ್ತದಂತಲ್ಲ, ನಿಮ್ಮ ಓದಿನಲ್ಲಿ ಅದಕ್ಕೆ ಏನು ಹೇಳುತ್ತಾರೆ?

ನಯನಾ ನಕ್ಕಳು. “ನಮ್ಮಜ್ಜಿನೂ ಒದೆಸ್ಕೊಂಡು ಬಂದಿದ್ರು ಸರ್, ಅರಸೀಕೆರೇಲಿ ಯಾರೋ ಸಾಹುಕಾರ್ರು ಇದ್ದಾರಂತೆ. ಅಲ್ಲಿ ಅರ್ಧ ಗಂಟೆ ಮಕಾಡೆ ಮಲಗಿಸ್ತಾರಂತೆ. ಅದು ಒಳ್ಳೇದೇ, ನಾನೂ ಅದನ್ನೇ ಮಾಡಿಸೋದು. ಆ ಒದೆಯೋದೊಂದು ಬಿಟ್ರೆ ಮಿಕ್ಕಿದ್ದೆಲ್ಲ ಸರಿಯಾಗೇ ಮಾಡ್ತಾರೆ.”

ಅವಳು ಪರದೆಯ ಆಚೆಗೆ ಹೋದಳು. ಗಂಗಾಧರಪ್ಪ ಎತ್ತಿದ ಎದೆಯನ್ನು ಇಳಿಸಿ ಅಲ್ಲೇ ಬಿದ್ದುಕೊಂಡ. ರೆಕ್ಸಿನ್ನಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಅದು ಸಗಣಿ ಸಾರಿಸಿದ ನೆಲದ ವಾಸನೆಯಾಯಿತು. ಅವನಿಗೆ ಐದು ವರ್ಷ, ಬರೀ ಚಡ್ಡಿ, ಅವ್ವ ನಡುಮನೆಯಲ್ಲಿ ಮಕಾಡೆ ಮಲಗಿದ್ದಾಳೆ. ಮೂರು ದಿನ ನೋವು ತಿಂದು ಅವನನ್ನು ಹೆತ್ತವಳು ಆಮೇಲೆ ನೆಟ್ಟಗೆ ನಿಂತವಳಲ್ಲ. ಸೊಂಟದಿಂದ ಮುಂದಕ್ಕೆ ಬಾಗಿಯೇ ನೀರು ಸೇದಿದಳು, ಬಾಗಿಯೇ ರಾಗಿ ಬೀಸಿದಳು. ಹುಟ್ಟುತ್ತಲೇ ತಾಯಿಯ ಸೊಂಟ ಮುರಿದವನು ಎಂದು ಸೋದರತ್ತೆ ನೆಂಟರ ಮುಂದೆಲ್ಲ ಅವನನ್ನು ತೋರಿಸುತ್ತಿದ್ದಳು. ಒಂದು ದಿನ ಅವನು ಆ ಮಾತಿಗೆ ಹಿತ್ತಲಲ್ಲಿ ಕೂತು ಅತ್ತ. ಮುಂದಿನ ಮಂಗಳವಾರ ಅವ್ವ ಅವನನ್ನು ಕರೆದು, ಮುರಿದ ಕಾಲಿಗೇ ಕೂಡಿಸೋ ಗುಣ ಇರ್ತದೆ, ಬಾ, ತಾಗಿಸು ಎಂದಳು. ಅವನು ಹೆದರಿ ಹೆದರಿ ತಾಗಿಸಿದ. ಅವಳು ಮುಖ ಎತ್ತದೆ, “ಹಗುರಾಯ್ತು ಕಣಪ್ಪ” ಎಂದಳು. ಆಮೇಲೆ ಸಾಯುವವರೆಗೂ ಪ್ರತಿ ಮಂಗಳವಾರ ಹಗುರಾಯಿತು. ಅಷ್ಟು ಸಲ ಹಗುರಾದವಳು ಗಾಳಿಯಲ್ಲಿ ತೇಲಬೇಕಿತ್ತು, ಅವಳು ಬಾಗಿಕೊಂಡೇ ಹೋದಳು. ಅದನ್ನು ಅವನು ಕಂಡಿದ್ದ, ಕಂಡೂ ಕೇಳಿರಲಿಲ್ಲ. ಕೇಳಿದ್ದರೆ ಅವನ ಕಾಲಿಗೆ ಉಳಿಯುತ್ತಿದ್ದದ್ದು ಸೋದರತ್ತೆಯ ಮಾತೊಂದೇ.

ಆಗ ಪರದೆಯ ಆಚೆಯಿಂದ ಒಂದು ನರಳಿಕೆ ಬಂತು. ಮೊದಲು ಮೂಗಿನಲ್ಲಿ ಶುರುವಾಗಿ, ಗಂಟಲಿಗೆ ಇಳಿದು, ಕೊನೆಗೆ ಶಿವಶಿವಾ ಎಂದು ಮುಗಿಯುವ ನರಳಿಕೆ. ಮಾತಾಡದ ರೋಗಿಗಳನ್ನು ನರಳಾಟದಿಂದಲೇ ಗುರುತಿಸುವುದು ಗಂಗಾಧರಪ್ಪನಿಗೆ ರೂಢಿ. ಇದು ಹೊನ್ನಯ್ಯ. ಅನುಮಾನವೇ ಇಲ್ಲ. ಮಂಚದಿಂದ ಕಾಲಿಳಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಟುಬಿಡೋಣವೆಂದು ಮೆಲ್ಲಗೆ ಬಲಗಾಲನ್ನು ನೆಲಕ್ಕೆ ಬಿಟ್ಟ. ಪರದೆ ನೆಲದಿಂದ ಒಂದು ಮೊಳ ಮೇಲಕ್ಕಿತ್ತು.

“ಸಾವ್ಕಾರ್ರೆ” ಎಂದಿತು ಆಚೆಯ ದನಿ, ಪಿಸುಮಾತಿನಲ್ಲಿ.

“ಚಿದಂಬರ” ಎಂದ ಗಂಗಾಧರಪ್ಪ, ದನಿ ಬದಲಿಸಿ.

“ಪಾದ ನಿಮ್ದೇ ಕಣ್ರೀ. ಇಪ್ಪತ್ತು ವರ್ಷದಿಂದ ಅದನ್ನೇ ನೋಡ್ಕಂಡ್ ಮಲಗಿವ್ನಿ.”

ಮಾತು ನಿಲ್ಲಿಸಿ ಇಬ್ಬರೂ ಉಸಿರು ಬಿಡಿ ಎಂದು ನಯನಾ ಗದರಿಸಿದಳು. ಪರದೆಯ ಎರಡು ಕಡೆಯಲ್ಲೂ ಉಸಿರು ಬಿಟ್ಟರು.

ಹಿಂದಿರುಗುವ ಬಸ್ಸಿನಲ್ಲಿ ಹೊನ್ನಯ್ಯ ಅವನಿಗಾಗಿ ನಡುಭಾಗದಲ್ಲೇ ಸೀಟು ಹಿಡಿದಿದ್ದ. ಹಿಂದಿನ ಚಕ್ರದ ಮೇಲೆ ಕೂರಬಾರದೆಂದು ನಯನಾ ಅವನಿಗೂ ಹೇಳಿದ್ದಳು. ಇಬ್ಬರೂ ಒಂದೇ ಬಗೆಯಲ್ಲಿ ಟವಲು ಸುರುಳಿ ಸುತ್ತಿ, ಒಂದೇ ಸಲಕ್ಕೆ ಬೆನ್ನ ಹಿಂದೆ ಇಟ್ಟುಕೊಂಡರು. ಹಳೇಬೀಡು ದಾಟಿದ ಮೇಲೆ ಹೊನ್ನಯ್ಯನೇ ಹೇಳಿದ: ಮಗಳು ಸೌಂದರ್ಯ ಬೇಲೂರಿನಲ್ಲಿ ನರ್ಸು, ಹೋದ ವರ್ಷ ಗೌರಿ ಹಬ್ಬದಲ್ಲಿ ಅವಳೇ ಎಳೆದುಕೊಂಡು ಬಂದಳು, ಈಗ ತಿಂಗಳಿಗೊಂದು ಸಲ ಬಂದು ತೋರಿಸಿಕೊಂಡು ಹೋಗುವುದಷ್ಟೇ, ಮೂಟೆ ಹೇಗೆ ಎತ್ತಬೇಕೆಂದು ಆ ಹುಡುಗಿ ಹೇಳಿಕೊಟ್ಟಿದ್ದಾಳೆ, ಮೊದಲಿನ ನೋವಿಲ್ಲ. ಹಾಗಾದರೆ ಮಂಗಳವಾರ ಯಾಕೆ ಬಂದು ಮಲಗುತ್ತಿದ್ದೆ ಎಂದು ಗಂಗಾಧರಪ್ಪ ಕೇಳಿದ. ಬರದಿದ್ದರೆ ನೀವು ನೊಂದುಕೊಳ್ಳುತ್ತೀರಿ ಅಂತ ಎಂದು ಹೊನ್ನಯ್ಯ ಮುಂದಿನ ಸೀಟಿನ ಕಂಬಿ ನೋಡುತ್ತ ಹೇಳಿದ. ಆ ದಿನ ಕಾಲು ಸಿಕ್ಕಿಕೊಂಡಾಗಲೂ ನೆರಳು ಗೋಡೆಯ ಮೇಲೆ ಕಂಡಿತ್ತಂತೆ, ಕೆರೆಯಲ್ಲಿ ಕೊಕ್ಕರೆ ನಿಂತ ಹಾಗೆ ನಿಂತಿದ್ದರಂತೆ. ನಾಳೆ ಯಾರಾದರೂ ನೋಡಿದ್ದು ಹೇಳಿ ನಕ್ಕಾರು ಎಂದು ತಾನೇ ಮುಂದಾಗಿ ಆ ಒದೆಯನ್ನು ಹೊಗಳಿಬಿಟ್ಟನಂತೆ.

ಗಂಗಾಧರಪ್ಪ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ತಾನು ಊರನ್ನು ಒದ್ದು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಾಗ, ಊರು ಮಕಾಡೆ ಮಲಗಿ ತನ್ನನ್ನು ಕಾಪಾಡುತ್ತಿತ್ತು. ಅವಮಾನ ಎಂದರೆ ಇದೇ ಇರಬೇಕು, ಆದರೆ ಅದು ಅಂದುಕೊಂಡಷ್ಟು ಖಾರವಾಗಿರಲಿಲ್ಲ.

“ನಿಜ ಹೇಳು ಹೊನ್ನಯ್ಯ” ಎಂದ. “ನನ್ನ ಕಾಲು ಒಂದ್ ಸಲನಾದ್ರೂ ಕೆಲಸ ಮಾಡ್ತಾ?”

ಹೊನ್ನಯ್ಯ ಎರಡು ಹಂಪು ದಾಟುವವರೆಗೆ ಯೋಚಿಸಿದ. “ಹಗುರ ಆಗೋದು ಸಾವ್ಕಾರ್ರೆ, ಸುಳ್ಯಾಕೇಳ್ಲಿ. ನಾನು ಹಗಲೊತ್ತು ಮಲಗೋದು ಅಂದ್ರೆ ನಿಮ್ ಜಗಲಿ ಮ್ಯಾಲೆ ಅರ್ಧ ಗಂಟೆ, ಅಷ್ಟೇಯ. ಇವತ್ತು ಪೂಜೆ ಒಸಿ ತಡ ಆಗ್ಲಪ್ಪ ಅಂತ ಬೇಡ್ಕಂತಿದ್ದೆ. ಅಷ್ಟ್ರಲ್ಲಿ ನೀವ್ ಬಂದು ಒದ್ದು ಎಬ್ಬಿಸ್ಬುಡೋರಿ.”

ನಾಲ್ಕನೆಯ ಹಂಪು ಬಂತು, ಗಂಗಾಧರಪ್ಪನಿಗೆ ಅದು ತಿಳಿಯಲಿಲ್ಲ. ಹೇಗಾಯಿತೆಂದು ಹೇಳದೆ ಹೋಗಬೇಕು ಎಂಬ ಕಟ್ಟಳೆ ಯಾವ ಶಾಸ್ತ್ರದ್ದೂ ಅಲ್ಲ, ಅವ್ವನದು. ಅವನಿಗೆ ಹತ್ತು ವರ್ಷವಾದಾಗ ಪಕ್ಕದ ಮನೆಯ ಮುದುಕನೊಬ್ಬ ಕಾಲು ತಾಗಿಸಿಕೊಂಡು ಎದ್ದು, ಏನೂ ಕಮ್ಮಿಯಾಗಲಿಲ್ಲವಲ್ಲೋ ಎಂದಿದ್ದ. ಹುಡುಗ ಅವತ್ತು ಉಣ್ಣಲಿಲ್ಲ. ಮುಂದಿನ ವಾರದಿಂದ ಬಂದವರಿಗೆಲ್ಲ ಅವ್ವ ಬಾಗಿಲಲ್ಲೇ ಹೇಳುತ್ತಿದ್ದಳು, ಮಾತಾಡಿದರೆ ಗುಣ ಹೋಗುತ್ತದೆ, ಬಾಯಿ ಬಿಡಬೇಡಿ, ತಿರುಗಿ ನೋಡಬೇಡಿ. ಐವತ್ತು ವರ್ಷ ಅವನು ಅದನ್ನು ದೇವರ ಮಾತಿನಂತೆ ಪಾಲಿಸಿದ್ದ. ಬಸ್ಸಿನ ಕಿಟಕಿಯಿಂದ ತೆಂಗಿನ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು. ಮುರಿದ ಸೊಂಟದವಳು ಮಗನಿಗೆ ಯಾರೂ ನೋವು ಮಾಡದ ಹಾಗೆ ಊರಿನ ಬಾಯಿಗೆಲ್ಲ ಬೀಗ ಹಾಕಿ ಹೋಗಿದ್ದಳು. ಅವ್ವ ಎಂದು ಅವನು ಮೆಲ್ಲಗೆ ಅಂದ. ಸೊಂಟ ಚಳುಕಿತಾ ಎಂದು ಹೊನ್ನಯ್ಯ ಕೇಳಿದ. ಹೂಂ ಎಂದ.

ಮಾರನೆಯ ದಿನ ಮಂಗಳವಾರ. ಬೆಳಕು ಹರಿಯುವ ಹೊತ್ತಿಗೆ ಹೊನ್ನಯ್ಯ ಎಂದಿನಂತೆ ಬಂದು, ಎಂದಿನಂತೆ ಮಾತಾಡದೆ ಜಗಲಿಯ ಮೇಲೆ ಮಲಗಿದ. ನಿನ್ನೆ ಅಷ್ಟೆಲ್ಲ ಆದ ಮೇಲೂ ಬಂದಿದ್ದಾನಲ್ಲ ಎಂದು ಗಂಗಾಧರಪ್ಪ ಬಚ್ಚಲ ಕಿಟಕಿಯಿಂದ ನೋಡಿ, ಸ್ನಾನಕ್ಕೆ ಇನ್ನೆರಡು ತಂಬಿಗೆ ಹೆಚ್ಚು ಹಾಕಿಕೊಂಡ. ಪೂಜೆಯನ್ನು ಬೇಕೆಂದೇ ಎಳೆದ. ಅಷ್ಟು ಹೊತ್ತು ಆ ದೇವರನ್ನು ಅವನು ಯಾವತ್ತೂ ನೋಡಿರಲಿಲ್ಲ. ಹೊರಗೆ ಬಂದಾಗ ಹೊನ್ನಯ್ಯ ಗೊರಕೆ ಹೊಡೆಯುತ್ತಿದ್ದ, ಬಾಯಿ ಅರೆ ತೆರೆದಿತ್ತು, ಬೆನ್ನು ಏರಿಳಿಯುತ್ತಿತ್ತು. ಗಂಗಾಧರಪ್ಪ ಬಲಗಾಲನ್ನು ಎತ್ತಿದ. ಚಳುಕು ಬರಲಿಲ್ಲ. ಕಂಬ ಹಿಡಿಯದೆ ಒಂಟಿಕಾಲಲ್ಲಿ ನಿಂತು ಹತ್ತರವರೆಗೆ ಎಣಿಸಿದ, ಇನ್ನೂ ಐದು ಎಣಿಸಿದ. ಆಮೇಲೆ ಕಾಲನ್ನು ಎಲ್ಲಿಗೂ ತಾಗಿಸದೆ ಎತ್ತಿದಲ್ಲೇ ಇಳಿಸಿ, ಸದ್ದು ಮಾಡದೆ ಒಳಗೆ ಬಂದ.

ನಡುಮನೆಯಲ್ಲಿ ರುದ್ರಮ್ಮ ಕಸ ಗುಡಿಸುತ್ತಿದ್ದಳು. ಗುಡಿಸುತ್ತ ಗುಡಿಸುತ್ತ ಎಡಗೈಯನ್ನು ಹಿಂದಕ್ಕೆ ಒಯ್ದು ಸೊಂಟಕ್ಕೆ ಊರಿ, ಒಂದು ಗಳಿಗೆ ನಿಂತು, ಮತ್ತೆ ಬಾಗಿದಳು. ಹೀಗೆ ಅವಳು ಮಾಡುವುದನ್ನು ಅವನು ಮೂವತ್ತೈದು ವರ್ಷದಿಂದ ನೋಡಿರಬೇಕು, ಗುಡಿಸುವುದೆಂದರೆ ಹೀಗೇ ಎಂದುಕೊಂಡಿರಬೇಕು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವಳು ಒಂದು ದಿನವೂ ಅಂದಿರಲಿಲ್ಲ, ಆ ಮಾತು ಈಗ ಅವನಿಗೇ ಬಂದು ತಗುಲಿತು. ಅವನು ಅವಳ ಕೈಯಿಂದ ಪೊರಕೆ ತೆಗೆದಿಟ್ಟು, ಮೂಲೆಯ ಚಾಪೆ ಹಾಸಿ, ಮಕಾಡೆ ಮಲಗು ಎಂದ. ಅವಳು ಚಾಪೆಯನ್ನೂ ಅವನ ಬಲಗಾಲನ್ನೂ ನೋಡಿದಳು.

“ಕೊನೆಗೂ ನನ್ನ ಸರದಿ ಬಂತೇನ್ರೀ” ಎಂದಳು.

ಒದೆಯುವುದಿಲ್ಲ, ಸುಮ್ಮನೆ ಮಲಗು ಎಂದ. ಸಾರಿಗೆ ಬೇಳೆ ಹಾಕಬೇಕು ಎಂದಳು. ಬೇಳೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದ. ಅವಳು ಸೆರಗು ಸರಿಮಾಡಿಕೊಂಡು, ಮಗ್ಗುಲಾಗಿ, ಆಮೇಲೆ ಮಕಾಡೆ ಮಲಗಿ ಕೆನ್ನೆಯನ್ನು ಕೈಮೇಲೆ ಇಟ್ಟಳು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ಅವನು ಕಂಡದ್ದು ಟೈಫಾಯಿಡ್ ಬಂದಾಗ ಒಮ್ಮೆ. ಗೋಡೆಗೆ ಒರಗಿ ನಿಂತು ಗಡಿಯಾರ ನೋಡುತ್ತಿದ್ದ. ಹೊರಗೆ ಹೊನ್ನಯ್ಯನ ಗೊರಕೆ, ಒಳಗೆ ಇವಳ ಉಸಿರು. ಹತ್ತು ನಿಮಿಷವಾಯಿತು.

“ಹಗುರಾಯ್ತು ಕಣ್ರೀ” ಎಂದಳು ರುದ್ರಮ್ಮ, ಮುಖ ಎತ್ತದೆ.

ಅದೇ ಮಾತು, ಅದೇ ಮಂಗಳವಾರ, ನೆಲಕ್ಕೆ ತಿರುಗಿದ ಅದೇ ಮುಖ. ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತು, ತಲೆಯನ್ನು ಚಾಪೆಯ ಮಟ್ಟಕ್ಕೆ ತಂದು ಅವಳ ಕಣ್ಣು ನೋಡಿದ. ನಿಜ ಹೇಳು, ನಾನು ನೊಂದುಕೊಳ್ಳುವುದಿಲ್ಲ ಎಂದ.

ರುದ್ರಮ್ಮ ಕೆನ್ನೆಯ ಕೆಳಗಿನ ಕೈ ಬದಲಿಸಿದಳು. “ಇಲ್ಲ” ಎಂದಳು. “ಎಳ್ಳಷ್ಟೂ ಕಮ್ಮಿ ಆಗಿಲ್ಲ. ಇನ್ನೊಂದು ಅರ್ಧ ಗಂಟೆ ಹೀಗೇ ಬಿಡಿ. ಕಾಫಿ ನೀವೇ ಮಾಡಿ, ನನಗೂ ಒಂದು ಲೋಟ ಇರ್ಲಿ.”

ಅರವತ್ತು ವರ್ಷದಲ್ಲಿ ಪಕ್ಕದ ಮನೆಯ ಆ ಮುದುಕನನ್ನು ಬಿಟ್ಟರೆ ಅವನಿಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ. ಗಂಗಾಧರಪ್ಪನಿಗೆ ನಗು ಬಂತು. ಹೊಟ್ಟೆ ಕುಲುಕುವಂತೆ ನಕ್ಕರೂ ಸೊಂಟ ಸುಮ್ಮನಿತ್ತು. ಎದ್ದು ಅಡುಗೆಮನೆಗೆ ಹೋಗಿ ಹಾಲು ಒಲೆಯ ಮೇಲಿಟ್ಟ, ಹೊನ್ನಯ್ಯನಿಗೂ ಸೇರಿಸಿ ಮೂರು ಲೋಟ ತೆಗೆದಿಟ್ಟ. ಕಾಫಿಪುಡಿಯ ಡಬ್ಬಿ ಮೇಲಿನ ಸಾಲಿನಲ್ಲಿರಲಿಲ್ಲ, ನಡುವಿನದರಲ್ಲೂ ಇರಲಿಲ್ಲ. ಎಲ್ಲಿಟ್ಟಿದ್ದೀಯೇ ಎಂದು ಅಲ್ಲಿಂದಲೇ ಕೂಗಿದ.

“ಕೆಳಗಿನ ಗೂಡಲ್ಲಿದೆ” ಎಂದು ರುದ್ರಮ್ಮ ಚಾಪೆಯ ಮೇಲಿಂದಲೇ ಹೇಳಿದಳು. “ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ ಕೂತು ತಗೊಳ್ಳಿ, ಚಿದಂಬರ ಅವರೆ.”